ರೇಡಿಯೋದಲ್ಲಿ ತೀರಿಕೊಂಡವರು

ತಾರೀಖಪ್ಪ ಆ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಗಲ್ಲಕ್ಕೆಲ್ಲ ನೊರೆ ಮೆತ್ತಿಕೊಂಡು, ಒಂದು ಘನಘೋರ ಪ್ರತಿಜ್ಞೆ ಮಾಡಿದ. ಇಂದು ಊರಿಗೆ ಊರೇ ಅಳಬೇಕು. ಕಲ್ಲು ಹೃದಯದವರೂ ಕರವಸ್ತ್ರ ಹುಡುಕಬೇಕು.

ಅವನ ನಿಜವಾದ ಹೆಸರು ಹೆಂಡತಿಗೂ ಸಂಬಳದ ಚೀಟಿಗೂ ಬಿಟ್ಟರೆ ಮತ್ತಾರಿಗೂ ನೆನಪಿರಲಿಲ್ಲ. ರೇಡಿಯೋ ಕೇಂದ್ರದಲ್ಲಿ ಬೆಳಗಿನ ಹೊತ್ತು ‘ಈ ದಿನ, ಆ ಹಾಡು’ ಎಂಬ ಕಾರ್ಯಕ್ರಮ ನಡೆಸುವವನು ಅವನು. ಯಾವ ಹಾಡಿನ ರೆಕಾರ್ಡು ಯಾವ ದಿನ ಅಂಗಡಿಗೆ ಬಂತು, ಯಾವ ಗಾಯಕಿ ಯಾವ ದಿನ ಮೊದಲ ಸಲ ಮೈಕಿನ ಮುಂದೆ ನಿಂತು ಬೆವರಿದಳು, ಯಾವ ಗಿಟಾರಿನವನು ಯಾವ ದಿನ ಮುನಿಸಿಕೊಂಡು ವಾದ್ಯಗೋಷ್ಠಿ ಬಿಟ್ಟುಹೋದ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲೇ. ಹಾಳೆ ನೋಡಿಕೊಂಡು ಓದುವುದೆಂದರೆ ಅವನಿಗೆ ಮಾನಹಾನಿ. “ಹಾಳೆ ಬೇಕಾಗೋದು ಮರೆಯೋ ಜನಕ್ಕೆ” ಎನ್ನುತ್ತಿದ್ದ. ತಾರೀಖಪ್ಪ ಎಂಬ ಅಡ್ಡಹೆಸರು ಬಂದದ್ದು ಹಾಗೆ. ಮೊದಲು ಗೇಲಿಗೆಂದು ಇಟ್ಟದ್ದು. ಅವನು ಅದನ್ನು ಬಿರುದು ಎಂದುಕೊಂಡ.

ಅವನ ಲೆಕ್ಕದ ಪ್ರಕಾರ ಆ ದಿನ ‘ಛತ್ರಿ ಹಾಡಿ’ಗೆ ಐವತ್ತು ತುಂಬುತ್ತಿತ್ತು. ಒಂದೇ ಛತ್ರಿ, ಇಬ್ಬರು ಪ್ರೇಮಿಗಳು, ಇಬ್ಬರಿಗೂ ಅರ್ಧರ್ಧ ಮಳೆ. ಹಾಡಿನಲ್ಲಿ ಇದ್ದದ್ದು ಇಷ್ಟೇ. ಆದರೆ ಬಚ್ಚಲುಮನೆಗೆ ಹೋದವರು ಆ ಹಾಡು ಗುನುಗದೆ ಹೊರಗೆ ಬಂದದ್ದಿಲ್ಲ. ಹಾಡಿದವರು ಇಬ್ಬರು. ಗಾಯಕನಿಗೆ ಜನ ಇಟ್ಟ ಹೆಸರು ‘ಜೇನುಗಂಟಲು’, ಗಾಯಕಿಗೆ ‘ಬೆಳ್ಳಿಗಂಟೆ’. ರೆಕಾರ್ಡಿನ ಹೊದಿಕೆಯ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂದು ಜಗಳವಾಗಿ, ಹಾಡು ಮನೆಮನೆಗೆ ತಲುಪುವ ಹೊತ್ತಿಗೆ ಇಬ್ಬರೂ ಮಾತು ಬಿಟ್ಟಿದ್ದರು. ಒಂದೇ ಛತ್ರಿಯ ಕೆಳಗೆ ಊರನ್ನೆಲ್ಲ ನಿಲ್ಲಿಸಿದವರು ಮತ್ತೆ ಒಂದೇ ಸೂರಿನ ಕೆಳಗೆ ನಿಲ್ಲಲಿಲ್ಲ.

ತಿಂಡಿಯ ಮೇಜಿನಲ್ಲಿ ತಾರೀಖಪ್ಪ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, “ಇವತ್ತು ಛತ್ರಿ ಹಾಡು. ನೋಡ್ತಿರು, ನಿನ್ನ ಕ್ಲಿನಿಕ್ಕಲ್ಲಿ ಕೂತೋರೆಲ್ಲ ಹಲ್ಲುನೋವು ಮರೆತು ಅಳ್ತಾರೆ” ಎಂದ.

ಅವನ ಹೆಂಡತಿ ಹಲ್ಲಿನ ಡಾಕ್ಟರು. ಮುಖ್ಯ ರಸ್ತೆಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಕ್ಲಿನಿಕ್ಕು. “ಹಲ್ಲುನೋವು ಮರೆಯೋದಾದ್ರೆ ನನ್ನ ಹೊಟ್ಟೆಪಾಡೇನ್ರಿ?” ಎಂದಳು. “ಅಂದಹಾಗೆ, ಛತ್ರಿ ಹಾಡು ಅಂದ್ರಲ್ಲ, ನಿನ್ನೆ ಸಾಯಂಕಾಲ ನನ್ನ ಹತ್ರ ಒಬ್ಬರು…”

“ನಿನ್ನ ಹಲ್ಲಿನ ಪುರಾಣ ರಾತ್ರಿ ಊಟಕ್ಕೆ ಇಟ್ಕೊಳೇ. ಈಗ ನನ್ನ ಭಾವ ಕೆಡಿಸಬೇಡ.”

ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಇಡೀ ದಿನದಲ್ಲಿ ಅವನು ಮಾಡಿದ ಮೊದಲ ತಪ್ಪು ಅದು. ಉಳಿದವು ಅದರ ಮರಿಗಳು.

ಕಾರ್ಯಕ್ರಮ ಭರ್ಜರಿಯಾಗಿಯೇ ಶುರುವಾಯಿತು. ಗಾಜಿನ ಆಚೆ ಧ್ವನಿಯಂತ್ರಗಳ ಮುಂದೆ ಕೂತಿದ್ದವನು ಗುಂಡಿಯಣ್ಣ. ದಿನವಿಡೀ ಗುಂಡಿ ಒತ್ತುವುದೇ ಕೆಲಸವಾದ್ದರಿಂದ ಆ ಹೆಸರು. ಅವನು ಛತ್ರಿ ಹಾಡನ್ನು ಸಣ್ಣಗೆ ಹಿನ್ನೆಲೆಯಲ್ಲಿ ಬಿಟ್ಟ. ತಾರೀಖಪ್ಪ ಕಣ್ಣು ಮುಚ್ಚಿ, ದನಿಯನ್ನು ಪಾತಾಳಕ್ಕೆ ಇಳಿಸಿ ಹೇಳಿದ: “ಕೇಳುಗರೇ, ಇಂದಿಗೆ ಸರಿಯಾಗಿ ಐವತ್ತು ವರ್ಷ. ಹಾಡು ಉಳಿದಿದೆ. ಆದರೆ ಆ ಜೇನುಗಂಟಲು ಇಂದು ನಮ್ಮೊಂದಿಗಿಲ್ಲ.”

ಹೇಳಿದ ಮೇಲೆ ಅಲ್ಲಿಗೇ ನಿಲ್ಲಿಸಬಹುದಿತ್ತು. ಊರನ್ನು ಅಳಿಸಲು ಹೊರಟವನಿಗೆ ಅಷ್ಟು ಸಾಲಲಿಲ್ಲ. “ಆ ಮಹಾನುಭಾವರ ಸಂತಾಪಸಭೆಯಲ್ಲಿ ನಾನೂ ಇದ್ದೆ. ಹೂವಿನ ನಡುವೆ ನಗುತ್ತಿದ್ದ ಆ ಭಾವಚಿತ್ರ ಇನ್ನೂ ಕಣ್ಣಿಗೆ ಕಟ್ಟಿದೆ. ಕೊನೆಯ ಉಸಿರಿನಲ್ಲೂ ಅವರು ಛತ್ರಿ ಹಾಡನ್ನೇ ಗುನುಗುತ್ತಿದ್ದರಂತೆ” ಎಂದ. ಈ ‘ಅಂತೆ’ಯನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಅದು ಆ ಗಳಿಗೆಯಲ್ಲಿ ತಾನಾಗಿ ಹುಟ್ಟಿ, ತಾನಾಗಿ ಬಾಯಿಂದ ಹೊರಬಂದಿತ್ತು. ಅವನ ಕಣ್ಣೂ ಒದ್ದೆಯಾಯಿತು. “ಬನ್ನಿ, ಒಂದು ನಿಮಿಷ ಮೌನ ಆಚರಿಸೋಣ.”

ಗಾಜಿನ ಆಚೆ ಗುಂಡಿಯಣ್ಣ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಸನ್ನೆ ಮಾಡಿದ. ರೇಡಿಯೋದಲ್ಲಿ ಎಲ್ಲವೂ ಇರಬಹುದು, ಮೌನ ಇರಕೂಡದು. ಸದ್ದು ನಿಂತಿತೆಂದರೆ ಯಂತ್ರ ಕೆಟ್ಟಿತೆಂದೇ ಲೆಕ್ಕ. ಅದಕ್ಕಾಗಿ ಕೇಂದ್ರದವರು ಒಂದು ಕಾವಲು ಏರ್ಪಾಡು ಮಾಡಿಟ್ಟಿದ್ದರು. ಮೌನ ಸ್ವಲ್ಪ ಉದ್ದವಾದರೆ ಅದು ತನ್ನಷ್ಟಕ್ಕೆ ಒಂದು ಜಾಹೀರಾತು ಹಾಕಿಬಿಡುತ್ತಿತ್ತು. ಹಿನ್ನೆಲೆಯ ಹಾಡೂ ಮುಗಿದಿತ್ತು. ತಾರೀಖಪ್ಪ ತಲೆ ತಗ್ಗಿಸಿದ್ದ. ಸನ್ನೆ ಕಾಣಲಿಲ್ಲ. ಊರೆಲ್ಲ ಗದ್ಗದಿತವಾಗಿ ಕೂತಿದ್ದಾಗ, ಒಬ್ಬ ಉತ್ಸಾಹಿ ಹೆಂಗಸಿನ ದನಿ ಠಣ್ಣನೆ ಮೊಳಗಿತು: “ನಮ್ಮ ಹಾಸಿಗೆ! ಒಮ್ಮೆ ಮಲಗಿದರೆ ಏಳಲು ಮನಸ್ಸೇ ಬಾರದು!”

ಆದರೂ ಊರು ಅತ್ತಿತು. ದೂರವಾಣಿ ಒಂದೇ ಸಮನೆ ಬಡಿದುಕೊಂಡಿತು. ಕೇಂದ್ರದ ನಿರ್ದೇಶಕಿ ತಮ್ಮ ಕೊಠಡಿಯಿಂದ ಮೂಗು ಒರೆಸಿಕೊಳ್ಳುತ್ತಲೇ ಬಂದರು. “ಇಷ್ಟು ವರ್ಷದಲ್ಲಿ ಇಂಥ ಕಾರ್ಯಕ್ರಮ ಆಗಿಲ್ಲ ಕಣ್ರೀ. ಸಾಯಂಕಾಲ ವಿಶೇಷ ನಮನ ಇಟ್ಕೊಳೋಣ. ಬೆಳ್ಳಿಗಂಟೆಯವರಿಗೆ ಆಗಲೇ ಫೋನ್ ಮಾಡಿಸಿದ್ದೀನಿ. ಬರ್ತಾರಂತೆ. ಅವರು ಹೊರಗೆ ಬರೋದೇ ಅಪರೂಪ, ಗೊತ್ತಲ್ಲ?”

ತಾರೀಖಪ್ಪನ ಎದೆ ಒಂದು ಗೇಣು ಉಬ್ಬಿತು. ಆಗ ಅವನ ಜೇಬಿನ ಫೋನು ನಡುಗಿತು. ಹೆಂಡತಿ.

“ಅತ್ತುಬಿಟ್ಟೆಯಾ?” ಎಂದ.

“ರೀ, ನೀವು ಸಾಯಿಸಿದ್ರಲ್ಲ, ಅವರ ದವಡೆ ಹಲ್ಲನ್ನ ನಿನ್ನೆ ಸಾಯಂಕಾಲ ನಾನು ಕಿತ್ತಿದ್ದೀನಿ.”

“ಯಾರ ಹಲ್ಲು?”

“ಜೇನುಗಂಟಲಿನವರದ್ದು. ಬೆಳಿಗ್ಗೆ ಅದನ್ನೇ ಹೇಳೋಕೆ ಬಂದೆ, ಭಾವ ಕೆಡುತ್ತೆ ಅಂದ್ರಿ. ಇವತ್ತು ವಸಡಿಂದ ರಕ್ತ ನಿಂತಿಲ್ಲ ಅಂತ ಬಂದಿದ್ದಾರೆ. ಬಾಯಿ ತುಂಬ ಹತ್ತಿ ಇಟ್ಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ರೇಡಿಯೋ ಹಾಕಿತ್ತು.”

“ಕೇಳಿಸ್ಕೊಂಡ್ರಾ?”

“ಕಿವಿಗೆ ಹತ್ತಿ ಇಟ್ಟಿರಲಿಲ್ಲ.”

ಅವನು ಗೋಡೆಗೆ ಒರಗಿದ. ತಲೆಯೊಳಗಿನ ಆ ಸಂತಾಪಸಭೆ ಮತ್ತೊಮ್ಮೆ ಕಣ್ಣ ಮುಂದೆ ಬಂತು. ಹೂವು, ಭಾವಚಿತ್ರ, ಛತ್ರಿ ಹಾಡು. ಆ ದಿನ ತಡವಾಗಿ ಹೋಗಿ ಕಂಬದ ಹಿಂದೆ ಕೂತಿದ್ದ. ಗಮನವೆಲ್ಲ ಬಿಸ್ಕತ್ತಿನ ತಟ್ಟೆಯ ಮೇಲಿತ್ತು. ಈಗ ಅರ್ಥವಾಯಿತು. ಭಾವಚಿತ್ರದಲ್ಲಿದ್ದವರು ಹಾಡು ಬರೆದ ಕವಿ. ಅದರ ಪಕ್ಕದಲ್ಲಿ ನಿಂತು ಹಾಡಿದವರು ಜೇನುಗಂಟಲು. ಅವನು ಕವಿಯನ್ನು ಬದುಕಿಸಿ ಗಾಯಕನನ್ನು ಸಾಯಿಸಿದ್ದ.

ನಿರ್ದೇಶಕಿಗೆ ಏನೋ ತೊದಲಿ, ಮೆಟ್ಟಿಲಿಳಿದು ಓಡಿದ. ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಸೂತಕದ ಕಳೆಯಿತ್ತು. ಗಲ್ಲಕ್ಕೆ ಕೈ ಒತ್ತಿಕೊಂಡವರು, ದವಡೆಗೆ ಬಟ್ಟೆ ಕಟ್ಟಿಕೊಂಡವರು, ಎಲ್ಲರ ಕಣ್ಣೂ ಕೆಂಪು. ಮೂಲೆಯ ಬೆಂಚಿನಲ್ಲಿ ಒಬ್ಬ ತೆಳ್ಳನೆಯ ವೃದ್ಧರು, ಒಂದು ಕೆನ್ನೆ ಬನ್ನಿನಂತೆ ಊದಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಪಕ್ಕದಲ್ಲಿದ್ದ ಅಜ್ಜಿ ಅವರ ಮೊಣಕೈ ತಟ್ಟಿ ಹೇಳುತ್ತಿದ್ದಳು, “ನಿಮ್ಮ ವಯಸ್ಸಿನವರೇ ಇರ್ಬೇಕು ಪಾಪ. ನೀವು ಅವರ ಹಾಡು ಎದುರಿಗೆ ಕೂತು ಕೇಳಿದ್ರಾ?” ವೃದ್ಧರು ಹೌದೆಂದು ತಲೆಯಾಡಿಸಿದರು. “ಹೇಗಿತ್ತು?” ಅವರು ಕೈಯೆತ್ತಿ, ಪರವಾಗಿರಲಿಲ್ಲ ಎಂಬಂತೆ ಅಲ್ಲಾಡಿಸಿದರು. “ಇಂಥ ಜಿಪುಣತನ ಬೇಡಪ್ಪ, ಸತ್ತೋರ ವಿಷಯದಲ್ಲಿ” ಎಂದು ಅಜ್ಜಿ ಮುನಿದು ಆಚೆ ತಿರುಗಿದಳು.

ಹೆಂಡತಿ ಇಬ್ಬರನ್ನೂ ಒಳಕ್ಕೆ ಎಳೆದು ಬಾಗಿಲು ಹಾಕಿದಳು. ತಾರೀಖಪ್ಪ ಎರಡೂ ಕೈ ಜೋಡಿಸಿ ನಿಂತ. “ಸರ್… ನಾನು… ನಿಮ್ಮನ್ನ…”

ವೃದ್ಧರು ಹತ್ತಿಯ ನಡುವಿನಿಂದ ಏನೋ ಅಂದರು.

“ಏನಂದ್ರು?” ಎಂದು ಅವನು ಹೆಂಡತಿಯನ್ನು ಕೇಳಿದ. ಬಾಯಿ ತುಂಬಿಕೊಂಡವರ ಮಾತನ್ನು ಅರ್ಥಮಾಡಿಕೊಳ್ಳುವುದು ಅವಳ ಕಸುಬೇ.

“ಸಾವು ಹೇಗಿತ್ತು, ಜನಕ್ಕೆ ಇಷ್ಟ ಆಯ್ತಾ ಅಂತ ಕೇಳ್ತಿದ್ದಾರೆ.”

ಗರ ಬಡಿದವನಂತೆ ನಿಂತ ತಾರೀಖಪ್ಪ, “ತುಂಬ” ಎಂದ. “ಫೋನುಗಳು ನಿಂತೇ ಇಲ್ಲ ಸರ್. ಈಗಲೇ ಹೋಗಿ ತಿದ್ದುಪಡಿ ಹೇಳ್ತೀನಿ. ಕೆಲಸ ಹೋದ್ರೂ ಚಿಂತೆಯಿಲ್ಲ. ಬೆಳ್ಳಿಗಂಟೆಯವರು ಬೇರೆ ಸಾಯಂಕಾಲ ಮಾತಾಡೋಕೆ ಬರ್ತಿದ್ದಾರೆ…”

ವೃದ್ಧರು ಬಾಯಿಗೆ ಬೆರಳು ಹಾಕಿ ಹತ್ತಿಯನ್ನೇ ಹೊರಗೆ ತೆಗೆದರು. ಡಾಕ್ಟರು ಬೇಡ ಅನ್ನುವುದರೊಳಗೆ ಅದು ತಟ್ಟೆಯಲ್ಲಿತ್ತು.

“ಯಾರು ಬರ್ತಾಳೆ?”

“ಬೆಳ್ಳಿಗಂಟೆಯವರು.”

“ನನ್ನ ಬಗ್ಗೆ ಮಾತಾಡೋಕೆ?”

“ಹೌದು.”

ಅವರು ಹಲ್ಲಿನ ಕುರ್ಚಿಯ ಮೇಲೆ ಕೂತುಬಿಟ್ಟರು. ಹಲ್ಲು ಕಿತ್ತ ಸಂದಿಯಿಂದ ಗಾಳಿ ಹೊರಟು, ಪ್ರತಿ ‘ಸ’ಕಾರಕ್ಕೂ ಒಂದು ಸಣ್ಣ ಸಿಳ್ಳೆ ಕೇಳುತ್ತಿತ್ತು. “ಹಾಗಾದ್ರೆ ನೀವು ಏನೂ ಸರಿಮಾಡಬೇಡಿ. ಸಾಯಂಕಾಲದ ತನಕ ನಾನು ಸತ್ತೇ ಇರ್ತೀನಿ.”

“ಸರ್!”

“ಬದುಕಿದ್ದಾಗ ಅವಳು ನನ್ನ ಬಗ್ಗೆ ಒಂದು ಮಾತು ಆಡಲಿಲ್ಲ. ಇದೇ ಊರಲ್ಲಿದ್ದಾಳೆ. ಅವಳು ತರಕಾರಿ ತಗೊಳೋ ಅಂಗಡಿ ನನಗೆ ಗೊತ್ತು. ನಾನು ಬರೋ ಹೊತ್ತು ಅವಳಿಗೆ ಗೊತ್ತು. ಅದಕ್ಕೆ ಆ ಹೊತ್ತಲ್ಲಿ ಬರೋದಿಲ್ಲ. ಏನು ಹೇಳ್ತಾಳೋ ನಾನು ಕೇಳಬೇಕು. ಈ ಜನ್ಮದಲ್ಲಿ ಇದೊಂದೇ ದಾರಿ.”

ಆ ಮುಖ ನೋಡಿ ತಾರೀಖಪ್ಪನಿಗೆ ಇಲ್ಲ ಎನ್ನಲಾಗಲಿಲ್ಲ. ಹೆಂಡತಿಗೆ ಆಯಿತು. “ಆಯಮ್ಮನಿಗೂ ವಯಸ್ಸಾಗಿದೆ. ಬದುಕಿರೋರಿಗೋಸ್ಕರ ಅವರ ಕೈಲಿ ಕಣ್ಣೀರು ಹಾಕಿಸ್ತೀರಾ? ಇದು ತಮಾಷೆ ಅಲ್ಲ. ರೀ, ಮೈಕಿನ ಮುಂದೆ ಕೂರೋ ಮೊದಲು ಅವರ ಕಿವಿಗೆ ನಿಜ ಹಾಕ್ತೀರಿ. ಇಲ್ಲ ಅಂದ್ರೆ ನಾನೇ ಹಾಕ್ತೀನಿ.”

“ಹಾಕ್ತೀನಿ” ಎಂದ ಅವನು.

“ಹಾಕಲಿ” ಎಂದರು ವೃದ್ಧರು, ಮನಸ್ಸಿಲ್ಲದೆ. “ಆದ್ರೆ ನಿಧಾನವಾಗಿ.”

ಸಾಯಂಕಾಲ ಮೂವರೂ ಕೇಂದ್ರಕ್ಕೆ ಬಂದರು. ವಸಡಿನ ಮೇಲೆ ಕಣ್ಣಿಡಬೇಕೆಂದು ಡಾಕ್ಟರೂ ಹೊರಟಿದ್ದಳು. ಹೆಬ್ಬಾಗಿಲಲ್ಲೇ ನಿರ್ದೇಶಕಿ ಎದುರಾದರು. “ಇವರು ಯಾರು?”

ತಾರೀಖಪ್ಪನ ಬಾಯಿಂದ ಬಂದ ಮಾತು, “ನಮ್ಮ ಮಾವ.”

ಡಾಕ್ಟರು ಗಂಡನನ್ನು ನೋಡಿದ ನೋಟದಲ್ಲಿ ನಾಲ್ಕು ಹಲ್ಲು ಅರಿವಳಿಕೆಯಿಲ್ಲದೆ ಕಿತ್ತುಬರಬಹುದಿತ್ತು. ಸತ್ತವರು ಮಾತ್ರ ಗಂಭೀರವಾಗಿ, “ಅಳಿಯಂದಿರು ಒಳ್ಳೆಯವರು, ಸ್ವಲ್ಪ ಆತುರ” ಎಂದರು.

ಅವರನ್ನು ಡಾಕ್ಟರ ಕಾವಲಿನಲ್ಲಿ ಗುಂಡಿಯಣ್ಣನ ಕೋಣೆಯಲ್ಲಿ, ಗಾಜಿನ ಕೆಳಗೆ ಕಾಣದ ಹಾಗೆ ಒಂದು ಮೋಟು ಸ್ಟೂಲಿನ ಮೇಲೆ ಕೂರಿಸಿ, ತಾರೀಖಪ್ಪ ಸ್ಟುಡಿಯೋದ ಬಾಗಿಲಲ್ಲಿ ಕಾದ. ಬೆಳ್ಳಿಗಂಟೆಯವರು ಬರಲಿಲ್ಲ. ಐದು ಗಂಟೆಯ ವಾರ್ತೆ ಶುರುವಾಯಿತು, ಬರಲಿಲ್ಲ. ವಾರ್ತೆ ಮುಗಿಯುತ್ತ ಬಂದಾಗ ನಿರ್ದೇಶಕಿ ಒಬ್ಬ ಬೆಳ್ಳಿಗೂದಲಿನ ಹೆಂಗಸಿನ ಕೈಹಿಡಿದು ಬಿರುಗಾಳಿಯಂತೆ ಒಳಗೆ ನುಗ್ಗಿದರು. “ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡಿದ್ರು. ಕೂತ್ಕೊಳ್ಳಿ, ಕೂತ್ಕೊಳ್ಳಿ, ಶುರುವಾಯ್ತು.”

“ಅಮ್ಮಾ, ಒಂದು ಮಾತು…” ಎಂದು ತಾರೀಖಪ್ಪ ಅವರ ಕಿವಿಯ ಕಡೆ ಬಗ್ಗಿದ.

ಕೆಂಪು ದೀಪ ಹತ್ತಿತು. “ಒಂದು ಮಾತು” ಎಂಬುದು ಊರಿಗೆಲ್ಲ ಕೇಳಿಸಿತು.

“ಒಂದೇ ಯಾಕಪ್ಪ, ನಾಲ್ಕು ಮಾತು ಆಡ್ತೀನಿ” ಎಂದರು ಬೆಳ್ಳಿಗಂಟೆ, ಅವನು ಕಾರ್ಯಕ್ರಮವನ್ನೇ ಶುರುಮಾಡಿದ್ದಾನೆಂದು ತಿಳಿದು. ಗಾಜಿನ ಆಚೆ ಡಾಕ್ಟರು ಹಣೆ ಚಚ್ಚಿಕೊಂಡಳು. ತಾರೀಖಪ್ಪ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ನೀರಿನಿಂದ ತೆಗೆದ ಮೀನಿಗೂ ಅಷ್ಟು ಅವಸ್ಥೆ ಇರಲಿಲ್ಲ.

ಆಕೆ ಅಳಲಿಲ್ಲ. ಮೈಕನ್ನು ತನ್ನ ಕಡೆ ಎಳೆದುಕೊಂಡ ರೀತಿಯಲ್ಲೇ ಹಳೆಯ ಪಳಗಿದ ಕೈ ಎಂಬುದು ಗೊತ್ತಾಗುತ್ತಿತ್ತು. “ಹೆಸರು ಮೇಲೆ ಹಾಕಿಸ್ಕೊಂಡ್ರು ಅಂತ ನಾನು ಮಾತು ಬಿಟ್ಟೆ. ಆಗ ನನಗೆ ಇಪ್ಪತ್ತೆರಡು. ಆ ವಯಸ್ಸಲ್ಲಿ ಹೆಸರು ಅಂದ್ರೆ ಜೀವ. ಆಮೇಲೆ ಎಷ್ಟೋ ಜನದ ಜೊತೆ ಹಾಡಿದೆ. ಎಲ್ಲರೂ ತಮ್ಮ ಸಾಲು ಹಾಡಿ ಮುಗಿಸಿ ಗಡಿಯಾರ ನೋಡೋರು. ಅವರೊಬ್ಬರು ಮಾತ್ರ ನಾನು ಹಾಡೋವಾಗ ನನ್ನ ಮುಖ ನೋಡ್ತಾ ನಿಲ್ಲೋರು, ಎಲ್ಲಿ ಉಸಿರು ತಗೋತೀನಿ ಅಂತ. ಒಂದು ದಿನ ಬಂದು ಬಾಗಿಲು ಬಡಿದು ಬೈದಿದ್ರೂ ಸಾಕಿತ್ತು. ನಾನೂ ಹೋಗಬಹುದಿತ್ತು. ಹೋಗಲಿಲ್ಲ.”

ಸ್ಟೂಲಿನ ಮೇಲಿದ್ದವರು ಕಣ್ಣೊರೆಸಿಕೊಂಡರು. ಗುಂಡಿಯಣ್ಣ, ಯಾರ ಮಾವನಾದರೇನು ಎಂದು, ತನ್ನ ಕರವಸ್ತ್ರ ಕೊಟ್ಟ.

“ಎಲ್ಲರೂ ಅವರನ್ನ ಜೇನುಗಂಟಲು ಅಂತೀರಿ” ಎಂದು ಆಕೆ ಮುಂದುವರಿಸಿದರು. “ಜೇನು ಇತ್ತು, ಇಲ್ಲ ಅನ್ನಲ್ಲ. ಆದ್ರೆ ಈಗ ಹೇಳಬಹುದು. ಎರಡನೇ ಚರಣದ ಕೊನೇಲಿ ಅವರಿಗೆ ದಮ್ಮು ಸಾಲದೆ ಶ್ರುತಿ ಇಳಿದುಬಿಡ್ತು. ನಾನು ದನಿ ಏರಿಸಿ ಮುಚ್ಚಿದೆ. ಐವತ್ತು ವರ್ಷದಿಂದ ಜನ ಅದನ್ನ ಕೇಳಿ, ಆಹಾ ಏನು ಭಾವ ಅಂತಾರೆ. ಅದು ಭಾವ ಅಲ್ಲ, ಅಭಾವ.”

ಹೊಗಳಿಕೆಯನ್ನು ಸತ್ತವನೂ ಕೇಳಿಕೊಂಡಿರಬಲ್ಲ. ಶ್ರುತಿಯ ಮಾತು ಬಂದಾಗ ಗಾಯಕನಾದವನು ಎದ್ದೇ ಬರಬೇಕು. ಸ್ಟೂಲು ದಢಾರನೆ ಉರುಳಿತು. ಡಾಕ್ಟರು ತೋಳು ಹಿಡಿಯುವುದರೊಳಗೆ ಅವರು ಕೆಂಪು ದೀಪ ಉರಿಯುತ್ತಿದ್ದ ಬಾಗಿಲನ್ನು ತಳ್ಳಿ ಒಳಗೆ ಬಂದಾಗಿತ್ತು.

“ಶ್ರುತಿ ಇಳಿದದ್ದು ನನ್ನದಲ್ಲ” ಎಂದರು, ಸಿಳ್ಳೆ ಸಮೇತ. “ನಿನ್ನದು ಏರಿತ್ತು.”

ನಿರ್ದೇಶಕಿ, “ಇದೇನ್ರಿ ನಿಮ್ಮ ಮಾವ…” ಎಂದು ಶುರುಮಾಡಿ, ಆ ಮಾತಿನಿಂದ ಆಳು ಯಾರೆಂದು ಹೊಳೆದು, ಇದ್ದಲ್ಲೇ ನೆಲದ ಮೇಲೆ ಕೂತರು. ಗುಂಡಿಯಣ್ಣನ ಕೈ ಗುಂಡಿಯ ಮೇಲೆಯೇ ಮರಗಟ್ಟಿತು. ಅದರಿಂದಾಗಿ ಪ್ರಸಾರ ನಿಲ್ಲಲಿಲ್ಲ. ಊರಿನ ಅಡುಗೆಮನೆಗಳಲ್ಲಿ, ಬಸ್ಸುಗಳಲ್ಲಿ, ಕ್ಷೌರದಂಗಡಿಗಳಲ್ಲಿ ಜನ ಕೇಳಿದ್ದು ಸತ್ತವನ ದನಿ. ಒಬ್ಬ ಕ್ಷೌರಿಕ ಅರ್ಧ ಮೀಸೆ ತೆಗೆದುಬಿಟ್ಟನೆಂದು ಆಮೇಲೆ ದೂರು ಬಂತು.

ತಾರೀಖಪ್ಪ ಬೆಳ್ಳಿಗಂಟೆಯವರ ಕುರ್ಚಿಯ ಹಿಂದೆ ಕೈಚಾಚಿ ನಿಂತ. ಆಕೆ ಎಚ್ಚರ ತಪ್ಪಿ ಬಿದ್ದರೆ ಹಿಡಿಯಬೇಕಲ್ಲ. ಆಕೆ ಬೀಳಲಿಲ್ಲ. ಮುಖ ಮಾತ್ರ ಒಮ್ಮೆ ಸುಣ್ಣದಂತಾಗಿ ಮತ್ತೆ ತಿಳಿಯಾಯಿತು. ಬಾಗಿಲಲ್ಲಿ ನಿಂತವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಮುಖ ಯಾಕೆ ಊದಿದೆ?”

“ಹಲ್ಲು ಕೀಳಿಸಿದೆ.”

“ನೋವಿದೆಯಾ?”

“ಬಹಳ.”

“ಒಳ್ಳೇದಾಯ್ತು” ಎಂದರು ಆಕೆ. ಆಮೇಲೆ ಪಕ್ಕದ ಕುರ್ಚಿಯನ್ನು ಕಾಲಿನಿಂದ ಹೊರಕ್ಕೆ ತಳ್ಳಿದರು. “ಕೂತ್ಕೊಳ್ಳಿ. ಎರಡನೇ ಚರಣ ಹಾಡಿ, ಯಾರ ಶ್ರುತಿ ಅಂತ ಈಗಲೇ ನೋಡೋಣ.”

ಹಾಡಿದರು. ವಾದ್ಯವಿಲ್ಲ, ತಾಳವಿಲ್ಲ, ಒಂದು ದನಿ ನಡುಗುತ್ತಿತ್ತು, ಇನ್ನೊಂದು ಸಿಳ್ಳೆ ಹಾಕುತ್ತಿತ್ತು. ಚರಣದ ಕೊನೆಗೆ ಅವರ ದಮ್ಮು ಸಾಲಲಿಲ್ಲ. ಆಕೆ ಏನೂ ಗೊತ್ತಿಲ್ಲದವರಂತೆ ದನಿ ಏರಿಸಿ ಮುಚ್ಚಿದರು. ಅವರು ಸುಮ್ಮನೆ ತಲೆ ತಗ್ಗಿಸಿ ನಕ್ಕರು. ಗಾಜಿನ ಆಚೆ ಡಾಕ್ಟರು, ಅಷ್ಟು ಅಗಲ ಬಾಯಿ ತೆರೆಯಬೇಡಿ ಎಂದು ಸನ್ನೆ ಮಾಡುತ್ತಲೇ ಅಳುತ್ತಿದ್ದಳು.

ಹಾಡು ಮುಗಿದ ಮೇಲೆ ತಾರೀಖಪ್ಪ ಮೈಕಿಗೆ ಬಾಗಿ, “ಕೇಳುಗರೇ, ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ತಪ್ಪು ನನ್ನದು. ಕ್ಷಮಿಸಿ” ಎಂದ. ಆದರೂ ಅಭ್ಯಾಸಬಲ, “ಏನೇ ಆದರೂ ಈ ಹಾಡಿಗೆ ಇಂದು ಐವತ್ತು ತುಂಬಿದ್ದು ಮಾತ್ರ…”

“ಇವತ್ತಲ್ಲ ಮಗಾ” ಎಂದರು ಬೆಳ್ಳಿಗಂಟೆ, ಮೃದುವಾಗಿ. “ರೆಕಾರ್ಡು ಬಂದದ್ದು ಮುಂದಿನ ತಿಂಗಳು. ಇವತ್ತು ಹೊದಿಕೆ ಅಚ್ಚಾಗಿ ಬಂದು, ನಾವಿಬ್ಬರೂ ಕಿತ್ತಾಡಿದ ದಿನ.”

“ಅದು ನೆನಪಿದೆಯಾ ನಿನಗೆ?” ಎಂದರು ಜೇನುಗಂಟಲು.

“ನಿಮಗಿಲ್ವಾ?”

“ಇದೆ.”

ನಿರ್ದೇಶಕಿ ನೆಲದಿಂದ ಎದ್ದು, ಸೀರೆ ಕೊಡವಿಕೊಂಡು, “ನಾಳೆ ಬೆಳಿಗ್ಗೆ ನನ್ನ ಕೊಠಡಿಗೆ ಬನ್ನಿ” ಎಂದಷ್ಟೇ ಅವನಿಗೆ ಹೇಳಿದರು. ಆ ದನಿಯಲ್ಲಿ ಬಡ್ತಿಯೂ ಇರಬಹುದಿತ್ತು, ಬೀದಿಯೂ ಇರಬಹುದಿತ್ತು.

ಮರುದಿನ ಬೆಳಿಗ್ಗೆ ತಾರೀಖಪ್ಪ ತಿಂಡಿಯ ಮುಂದೆ ಕೈಕಟ್ಟಿ ಕೂತಿದ್ದ. ಬ್ರೆಡ್ಡು ಒಣಗುತ್ತಿತ್ತು. ಇನ್ನು ಮುಂದೆ ಯಾರ ವಿಷಯ ಹೇಳುವುದಿದ್ದರೂ ಮೊದಲು ಅವರ ಮನೆಗೇ ಫೋನು ಮಾಡಿ, ಇದ್ದಾರೋ ಇಲ್ಲವೋ ಕೇಳಿಯೇ ಬಾಯಿ ಬಿಡುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟ. ಅವಳು ನಗು ತಡೆದುಕೊಂಡು, “ಕೇಳೋವಾಗ ಸ್ವಲ್ಪ ನಯವಾಗಿ ಕೇಳಿ” ಎಂದಳು.

ಅಷ್ಟರಲ್ಲಿ ಮನೆಯ ಫೋನು ಬಡಿದುಕೊಂಡಿತು. ನಿರ್ದೇಶಕಿಯೇ ಇರಬೇಕೆಂದು ಅವನು ಕುರ್ಚಿಗೆ ಅಂಟಿಕೊಂಡ. ಹೆಂಡತಿ ಎತ್ತಿಕೊಂಡಳು. ಬಹಳ ಹೊತ್ತು ಹೂಂ ಹೂಂ ಎಂದು ಕೇಳಿಸಿಕೊಂಡಳು. ಕೊನೆಗೆ ಫೋನಿನ ಬಾಯಿಗೆ ಅಂಗೈ ಮುಚ್ಚಿ ಗಂಡನ ಕಡೆ ತಿರುಗಿದಳು.

“ಯಾರು?” ಎಂದ ಅವನು, ದನಿಯೇ ಇಲ್ಲದ ದನಿಯಲ್ಲಿ.

“ಯಾರೋ ಅಕಾರ್ಡಿಯನ್ ನುಡಿಸೋರಂತೆ ರೀ. ಹಳೇ ಹಾಡುಗಳಲ್ಲೆಲ್ಲ ಅವರದ್ದೇ ಅಕಾರ್ಡಿಯನ್ನಂತೆ. ಎಷ್ಟೋ ವರ್ಷದಿಂದ ಯಾರೂ ಕರೆದಿಲ್ವಂತೆ. ತಮ್ಮನ್ನ ಯಾವತ್ತು ಸಾಯಿಸೋಕಾಗುತ್ತೆ ಅಂತ ಕೇಳ್ತಿದ್ದಾರೆ. ಬುಧವಾರ ಮಾತ್ರ ಬೇಡವಂತೆ. ಕಣ್ಣಿನ ಡಾಕ್ಟರ ಹತ್ರ ಹೋಗೋದಿದೆಯಂತೆ.”